ಅಪ್ಪನ ವಾಲ್ವ್: ಎದೆ ತೆರೆದು ಮಾಡಿಸುವುದಾ, ತೊಡೆಯಿಂದ ಹಾಕಿಸುವುದಾ? ಅನುಭವ ಇದ್ದವರು ಹೇಳಿ

ಕೇಳಿದವರು:

ಅಪ್ಪನಿಗೆ 68 ವರ್ಷ. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು, ಅಂದರೆ ಅಯೋರ್ಟಿಕ್ ವಾಲ್ವ್ ಕಿರಿದಾಗಿದೆ, ‘ಸಿವಿಯರ್’ ಅಂತ ಎಕೋ ರಿಪೋರ್ಟಿನಲ್ಲಿ ಬರೆದಿದ್ದಾರೆ. ಬಾಯಿ ತೆರೆಯುವುದು 0.8 ಚದರ ಸೆಂಟಿಮೀಟರ್, ಸರಾಸರಿ ಗ್ರೇಡಿಯೆಂಟ್ (ವಾಲ್ವಿನ ಆಚೆ ಈಚೆಯ ಒತ್ತಡದ ವ್ಯತ್ಯಾಸ) 46. ಒಬ್ಬ ಡಾಕ್ಟರು ಆಪರೇಷನ್ ಮಾಡಿ ವಾಲ್ವ್ ಬದಲಿಸೋಣ ಅಂದರು. ಇನ್ನೊಬ್ಬರು ತೊಡೆಯ ರಕ್ತನಾಳದಿಂದ ಹಾಕುವ ಟಾವಿ ಆಗುತ್ತದೆ ಅಂದರು. ಅಪ್ಪ ಮಾತ್ರ ‘ನನಗೇನೂ ಆಗಿಲ್ಲ, ಮಾತ್ರೆ ಸಾಕು’ ಅಂತ ಕೂತಿದ್ದಾರೆ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಅಮ್ಮನಿಗೆ ತಡವಾಗಿ ಮಾಡಿಸಿದವಳು:

ಮೊದಲು ಮಾತ್ರೆಯ ಮಾತು ಮುಗಿಸೋಣ. ಆ ವಾಲ್ವಿನ ಎಸಳುಗಳಿಗೆ ಕ್ಯಾಲ್ಸಿಯಂ ಕೂತು ಗಟ್ಟಿಯಾಗಿರುತ್ತದೆ. ಅದನ್ನು ಕರಗಿಸುವ ಮಾತ್ರೆ ಇಲ್ಲ. ಕೊಲೆಸ್ಟರಾಲ್ ಮಾತ್ರೆ ಕೊಟ್ಟರೆ ನಿಧಾನವಾಗುತ್ತದೇನೋ ಅಂತ ಪರೀಕ್ಷಿಸಿ ನೋಡಿದ್ದಾರೆ, ಆಗಲಿಲ್ಲ. ಮೂತ್ರ ಹೋಗಿಸುವ ಮಾತ್ರೆಯಿಂದ ಕಾಲಿನ ಬಾವು ಇಳಿಯಬಹುದು, ಅಷ್ಟೇ.

ಇನ್ನು ‘ನನಗೇನೂ ಆಗಿಲ್ಲ’ ಅನ್ನುವುದು. ನಮ್ಮಮ್ಮನೂ ಇದನ್ನೇ ಹೇಳುತ್ತಿದ್ದರು. ಸುಳ್ಳಲ್ಲ, ಅವರಿಗೆ ಏದುಸಿರು ಬರುತ್ತಲೇ ಇರಲಿಲ್ಲ. ಯಾಕೆ ಅಂದರೆ ಏದುಸಿರು ಬರುವ ಕೆಲಸ ಯಾವುದನ್ನೂ ಅವರು ಮಾಡುತ್ತಿರಲಿಲ್ಲ. ಮಹಡಿ ಹತ್ತುವುದು ಬಿಟ್ಟರು, ಆಮೇಲೆ ಸಂಜೆಯ ವಾಕಿಂಗ್. ನಾವು ವಯಸ್ಸಾಯಿತು ಅಂದುಕೊಂಡೆವು. ಒಂದು ದಿನ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದ ಮೇಲೇ ನಾವು ಕಣ್ಣು ಬಿಟ್ಟಿದ್ದು. ಏದುಸಿರು, ಎದೆನೋವು, ಎಚ್ಚರ ತಪ್ಪುವುದು ಶುರುವಾದ ಮೇಲೆ ಏನೂ ಮಾಡಿಸದಿದ್ದರೆ, ಸುಮಾರು ಅರ್ಧ ಜನ ಎರಡು ವರ್ಷ ದಾಟುವುದಿಲ್ಲ ಅಂತ ಆಗ ಡಾಕ್ಟರು ಹೇಳಿದರು. ಹೆದರಿಸಲು ಹೇಳುತ್ತಿಲ್ಲ. ಅಪ್ಪನನ್ನು ‘ಸುಸ್ತಾಗುತ್ತಾ?’ ಅಂತ ಕೇಳಬೇಡಿ. ‘ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ?’ ಅಂತ ಕೇಳಿ ನೋಡಿ.

ಅಪ್ಪನಿಗೆ ಟಾವಿ ಮಾಡಿಸಿದವನು:

ನಮ್ಮ ತಂದೆಗೆ 79. ಟಾವಿ ಆದ ಮಾರನೇ ದಿನ ಎದ್ದು ಓಡಾಡಿದರು. ಎದೆಗೆ ಗಾಯ ಇಲ್ಲ. ತೊಡೆಸಂದಿಯಲ್ಲಿ ಒಂದಿಷ್ಟು ಕಪ್ಪುಗಟ್ಟಿತ್ತು, ಅಷ್ಟೇ. 2002ರಲ್ಲಿ ಫ್ರಾನ್ಸಿನ ಅಲೇನ್ ಕ್ರಿಬಿಯೆ ಮೊದಲ ಸಲ ಮಾಡಿದಾಗ, ಆಪರೇಷನ್ ಆಗದು ಅಂತ ಬಿಟ್ಟವರಿಗೆ ಮಾತ್ರ ಇದು. ಈಗ ಆರೋಗ್ಯವಾಗಿರುವ ಹಿರಿಯರಿಗೂ ಮಾಡುತ್ತಾರೆ.

ಆದರೆ ನಮಗೆ ಒಂದು ಮಾತು ಮೊದಲೇ ಯಾರೂ ಬಿಡಿಸಿ ಹೇಳಿರಲಿಲ್ಲ. ಹೊಸ ವಾಲ್ವ್ ಒತ್ತಿ ಕೂರುವ ಜಾಗದ ಪಕ್ಕದಲ್ಲೇ ಹೃದಯದ ವಿದ್ಯುತ್ ದಾರಿ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾಗಿ ನಾಡಿ ತೀರಾ ನಿಧಾನವಾಯಿತು. ಮೂರನೇ ದಿನ ಪೇಸ್‌ಮೇಕರ್ ಹಾಕಿದರು. ಸಹಿ ಮಾಡಿದ ಕಾಗದದಲ್ಲಿ ಇತ್ತಂತೆ. ಆ ಕಾಗದ ಓದುವ ಸ್ಥಿತಿಯಲ್ಲಿ ಯಾರಿರುತ್ತಾರೆ ಹೇಳಿ! ಈಗ ಚೆನ್ನಾಗಿದ್ದಾರೆ.

79ಕ್ಕೆ ನಾವು ಜಾಸ್ತಿ ಯೋಚಿಸಲಿಲ್ಲ. 68 ಅಂದರೆ ಲೆಕ್ಕ ಬೇರೆ. ಟಾವಿಯಲ್ಲಿ ಹಾಕುವುದು ಟಿಶ್ಯೂ ವಾಲ್ವ್, ಅಂದರೆ ದನದ ಅಥವಾ ಹಂದಿಯ ಅಂಗಾಂಶದಿಂದ ಮಾಡಿದ್ದು. ಆಪರೇಷನ್ನಿನಲ್ಲಿ ಹಾಕುವ ಟಿಶ್ಯೂ ವಾಲ್ವ್‌ಗಳೇ 10–15 ವರ್ಷಕ್ಕೆ ಸವೆಯಲು ಶುರುವಾಗುತ್ತವೆ. ನಿಮ್ಮಪ್ಪ 82 ತಲುಪಿದಾಗ ಎರಡನೆಯದು ಬೇಕಾಗಬಹುದು. ಹಳೆಯದರ ಒಳಗೇ ಹೊಸದನ್ನು ಕೂರಿಸಲು ಆಗುತ್ತದೆ, ಆದರೆ ಎಲ್ಲರಿಗೂ ಜಾಗ ಸಾಲದು. ‘ಇವತ್ತಿನದ್ದು ಸರಿ, ಮುಂದಿನದ್ದು ಹೇಗೆ?’ ಅಂತ ಇಬ್ಬರು ಡಾಕ್ಟರನ್ನೂ ಕೇಳಿ.

ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದ ನರ್ಸ್:

ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಯಾವುದು ಒಳ್ಳೆಯದು ಅನ್ನುವುದು ಬರೀ ವಯಸ್ಸಿನಿಂದ ತೀರ್ಮಾನ ಆಗುವುದಿಲ್ಲ. ಆಂಜಿಯೋದಲ್ಲಿ ಹಲವು ಬ್ಲಾಕ್ ಸಿಕ್ಕರೆ, ಎದೆ ತೆರೆದಾಗ ಬೈಪಾಸ್ ಕೂಡ ಒಟ್ಟಿಗೇ ಆಗುತ್ತದೆ. ಹುಟ್ಟಿನಿಂದ ಮೂರರ ಬದಲು ಎರಡೇ ಎಸಳು ಇದ್ದರೆ, ಅಥವಾ ಮಹಾಧಮನಿ ಉಬ್ಬಿದ್ದರೆ ಆಪರೇಷನ್ ಕಡೆಗೇ ಜಾಸ್ತಿ ವಾಲುತ್ತಾರೆ. ತೊಡೆಯ ರಕ್ತನಾಳ ಸಣ್ಣದಿದ್ದರೂ ಟಾವಿ ಕಷ್ಟ. ಇದೆಲ್ಲ ಸಿಟಿ ಸ್ಕ್ಯಾನ್ ಆದ ಮೇಲೆ ಗೊತ್ತಾಗುತ್ತದೆ. ಸ್ಕ್ಯಾನ್ ಆಗದೆ ಯಾರಾದರೂ ಖಂಡಿತ ಇದೇ ಅಂದರೆ ನಂಬಬೇಡಿ. ಹಾಗೇ ಹಲ್ಲಿನ ಡಾಕ್ಟರನ್ನು ಈಗಲೇ ನೋಡಿ. ಕೊಳೆತ ಹಲ್ಲಿನ ಸೋಂಕು ಹೊಸ ವಾಲ್ವಿಗೆ ಹತ್ತಿದರೆ ಪ್ರಾಣಕ್ಕೇ ಕುತ್ತು.

ಮೆಟಲ್ ವಾಲ್ವಿನವನು:

ನನಗೆ 44ಕ್ಕೆ ಎದೆ ತೆರೆದು ಮೆಟಲ್ ವಾಲ್ವ್ ಹಾಕಿದರು. ಹೆಸರಿಗೆ ಮೆಟಲ್, ಒಳಗಿರುವ ಎಲೆಗಳು ಕಾರ್ಬನ್ನಿನವು. ಸವೆಯುವುದು ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೆ ಬದಲಾಗಿ ಜೀವನಪೂರ್ತಿ ವಾರ್ಫರಿನ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಅಂತ ಅಳೆಯುವ ಐಎನ್‌ಆರ್ 2ರಿಂದ 3ರ ಒಳಗಿರಬೇಕು ಅಂದಿದ್ದಾರೆ. ಕಡಿಮೆಯಾದರೆ ವಾಲ್ವಿನ ಮೇಲೆ ಹೆಪ್ಪುಗಟ್ಟುತ್ತದೆ, ಜಾಸ್ತಿಯಾದರೆ ರಕ್ತಸ್ರಾವ. ಈಗಿನ ಹೊಸ ರಕ್ತ ತೆಳು ಮಾಡುವ ಮಾತ್ರೆಗಳು ಮೆಟಲ್ ವಾಲ್ವಿಗೆ ಆಗಿಬರುವುದಿಲ್ಲ. ಸೊಪ್ಪು ವಾರ್ಫರಿನ್ನಿನ ಪರಿಣಾಮ ತಗ್ಗಿಸುತ್ತದೆ; ಹಾಗಂತ ಬಿಡಬೇಕಿಲ್ಲ, ಆದರೆ ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಮುಟ್ಟದೇ ಇರಬಾರದು. ಒಮ್ಮೆ ಮಂಡಿನೋವಿಗೆ ಸುಮ್ನೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದೆ. ಮೂರು ದಿನಕ್ಕೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಮಲ ಟಾರಿನ ಹಾಗೆ ಕಪ್ಪಾಯಿತು. ತಪ್ಪು ನನ್ನದೇ.

ರಾತ್ರಿ ನಿಶ್ಶಬ್ದವಾದಾಗ ಟಿಕ್ ಟಿಕ್ ಕೇಳುತ್ತದೆ. ಮೊದಲ ತಿಂಗಳು ನಿದ್ದೆ ಇರಲಿಲ್ಲ. ಈಗ ಮಗಳು ಎದೆಗೆ ಕಿವಿಯಿಟ್ಟು ಎಣಿಸುತ್ತಾಳೆ. ನಿಮ್ಮಪ್ಪನ ವಯಸ್ಸಿಗೆ ಸಾಮಾನ್ಯವಾಗಿ ಮೆಟಲ್ ಹೇಳುವುದಿಲ್ಲ, ಆದರೂ ಯಾಕೆ ಬೇಡ ಅಂತ ಗೊತ್ತಿರಲಿ. ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಕೆಮ್ಮುವಾಗ ದಿಂಬು ಅಪ್ಪಿಕೊಳ್ಳುವುದನ್ನು ಆಸ್ಪತ್ರೆಯಲ್ಲಿಯೇ ಕಲಿಸುತ್ತಾರೆ. ಎರಡನೇ ವಾರ ಕಾರಣವಿಲ್ಲದೆ ಅಳು ಬರುತ್ತಿತ್ತು ನನಗೆ. ಅದು ತುಂಬಾ ಜನಕ್ಕೆ ಆಗುತ್ತದಂತೆ, ಗಾಬರಿಯಾಗಬೇಡಿ.

ಮಿಟ್ರಲ್ ರಿಪೇರಿ ಆದವಳು:

ನನ್ನದು ಬೇರೆ ವಾಲ್ವ್, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮಿಟ್ರಲ್. ಸೋರುತ್ತಿತ್ತು. ಬದಲಿಸಲಿಲ್ಲ, ಹೊಲಿದು ಒಂದು ಉಂಗುರ ಕೂರಿಸಿ ರಿಪೇರಿ ಮಾಡಿದರು. ಸೋರುವ ಮಿಟ್ರಲ್‌ಗೆ ಆದಷ್ಟೂ ಇದನ್ನೇ ನೋಡುತ್ತಾರೆ. ಅಯೋರ್ಟಿಕ್ ಕಿರಿದಾಗಿದ್ದರೆ ರಿಪೇರಿಯ ಮಾತಿಲ್ಲ, ಹಾಗಾಗಿ ‘ಅವರಿಗೆ ರಿಪೇರಿಯೇ ಸಾಕಾಯಿತಂತೆ’ ಅನ್ನುವ ನೆಂಟರ ಮಾತಿಗೆ ಕಿವಿಗೊಡಬೇಡಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅಪ್ಪನಿಗೆ ಆ ಪ್ರಶ್ನೆಯನ್ನೇ ಕೇಳಿದೆ, ಏನು ಬಿಟ್ಟಿದ್ದೀರಿ ಅಂತ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಮ್ಮನೇ ಹೇಳಿದರು, ಆರು ತಿಂಗಳಿಂದ ಸ್ನಾನದ ನೀರಿನ ಬಕೆಟ್ ಎತ್ತುತ್ತಿರುವುದು ತಾನು ಅಂತ. ನನಗೆ ಗೊತ್ತೇ ಇರಲಿಲ್ಲ. ಗುರುವಾರ ಸಿಟಿ ಸ್ಕ್ಯಾನ್. ಆಪರೇಷನ್ ಮಾಡುವವರು, ಟಾವಿ ಮಾಡುವವರು ಇಬ್ಬರೂ ಒಟ್ಟಿಗೆ ಕೂತು ನೋಡುತ್ತೇವೆ ಅಂದಿದ್ದಾರೆ. ಅಪ್ಪ ಹಲ್ಲಿನ ಡಾಕ್ಟರ ಹತ್ತಿರ ಬರಲು ಮಾತ್ರ ಇನ್ನೂ ಒಪ್ಪಿಲ್ಲ.