ಗೇಮ್ ಆಡಿಸಿ ರಿಲೇಟಿವಿಟಿ ಕಲಿಸಿದವರು ಯಾರಾದರೂ ಇದ್ದೀರಾ?

ಕಾರವಾರದಿಂದ ಪ್ರಶ್ನೆ:

ಬಿಎಸ್ಸಿ ಮಕ್ಕಳಿಗೆ ವಿಶೇಷ ಸಾಪೇಕ್ಷತೆ (ಸ್ಪೆಷಲ್ ರಿಲೇಟಿವಿಟಿ) ಪಾಠ ಮಾಡುತ್ತಿದ್ದೇನೆ. ಬೆಳಕಿನ ವೇಗಕ್ಕೆ ಹತ್ತಿರ ಓಡಿದರೆ ಉದ್ದ ಕುಗ್ಗುತ್ತದೆ, ಕಾಲ ನಿಧಾನ ಆಗುತ್ತದೆ ಎನ್ನುವ ಐನ್‌ಸ್ಟೈನ್ ಸಿದ್ಧಾಂತ ಅದು. ಸೂತ್ರ ಬರೆದುಕೊಳ್ಳುತ್ತಾರೆ, ಲೆಕ್ಕವನ್ನೂ ಸರಿಯಾಗಿ ಮಾಡುತ್ತಾರೆ. ಆದರೆ ಮೊನ್ನೆ ಒಬ್ಬ ಹುಡುಗಿ, ‘ಇದು ನಿಜವಾಗಿ ಆಗುತ್ತದಾ ಸರ್, ಇಲ್ಲಾ ಸುಮ್ನೆ ಲೆಕ್ಕವಾ?’ ಎಂದು ಕೇಳಿದಳು. ನಾನು ಕೊಟ್ಟ ಉತ್ತರ ಅವಳಿಗೆ ಸಾಲಲಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2012ರಲ್ಲಿ ಮಾಡಿದ ‘ಎ ಸ್ಲೋವರ್ ಸ್ಪೀಡ್ ಆಫ್ ಲೈಟ್’ ಎಂಬ ಗೇಮ್ ಉಚಿತವಾಗಿ ಸಿಗುತ್ತದೆ. ನಮ್ಮಲ್ಲಿ ಕಂಪ್ಯೂಟರ್ ಆರು, ಮಕ್ಕಳು 24. ಆಡಿಸಿದರೆ ಪಾಠಕ್ಕೆ ಉಪಯೋಗ ಆಗುತ್ತದಾ, ಆಟ ಆಡಿ ಎದ್ದು ಹೋಗುತ್ತಾರಾ?

ಶಿರಸಿಯಿಂದ:

ನಾನು ಮೂರು ವರ್ಷ ಆಡಿಸಿದ್ದೇನೆ. ಮೊದಲ ವರ್ಷ ಪೂರಾ ಕೆಟ್ಟುಹೋಯಿತು. ಅದನ್ನೇ ಮೊದಲು ಹೇಳುತ್ತೇನೆ.

ಆ ಗೇಮಿನಲ್ಲಿ ಒಂದು ಊರೊಳಗೆ ಓಡಾಡುತ್ತಾ 100 ಗೋಲಗಳನ್ನು ಹೆಕ್ಕಬೇಕು. ಒಂದೊಂದು ಹೆಕ್ಕಿದಾಗಲೂ ಬೆಳಕಿನ ವೇಗ ಇಳಿಯುತ್ತಾ ಬರುತ್ತದೆ. ಕೊನೆಗೆ ನಾವು ನಡೆಯುವ ವೇಗಕ್ಕೆ ಹತ್ತಿರ ಬರುತ್ತದೆ. ನಿಜದ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದಲ್ಲ, ಹಾಗಾಗಿ ಈ ವಿಚಿತ್ರಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಬೀಳುತ್ತವೆ. ನಾನು ಏನೂ ಹೇಳದೆ ಆಡಲು ಬಿಟ್ಟೆ. ಯಾರು ಮೊದಲು 100 ಮುಗಿಸುತ್ತಾರೆ ಎಂಬ ಪೈಪೋಟಿ ಶುರುವಾಯಿತು. ಮರುದಿನ, ಉದ್ದ ಕುಗ್ಗುವುದು ಅಂದರೇನು ಎಂದು ಕೇಳಿದೆ. ‘ಮನೆ ಸೊಟ್ಟಗಾಗುವುದು’ ಎಂದು ಒಬ್ಬ ಬರೆದ. ಇನ್ನೊಬ್ಬ ಎದ್ದು ನಿಂತು, ‘ಮುಂದೆ ಓಡಿದರೆ ಎದುರಿನ ಮನೆ ದೂರ ಹೋದ ಹಾಗೆ ಕಂಡಿತು. ಹಾಗಾದರೆ ಕುಗ್ಗಿದ್ದೆಲ್ಲಿ?’ ಎಂದ. ಅವನು ಕಂಡದ್ದು ಸರಿಯಾಗಿಯೇ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಷಯ ಇರುವುದು ಇಲ್ಲೇ. ಗೇಮ್ ತೋರಿಸುವುದು ಕಣ್ಣಿಗೆ ಕಾಣುವುದನ್ನು. ನಮ್ಮ ಸೂತ್ರ ಹೇಳುವುದು ಅಳೆದರೆ ಸಿಗುವುದನ್ನು. ಎರಡೂ ಬೇರೆ. ಪಾಠದಲ್ಲಿ ನಾವು ಇದನ್ನು ಬಿಡಿಸಿ ಹೇಳುವುದೇ ಇಲ್ಲ.

ಈಗ ಕೊಡೆಯಿಂದ ಶುರು ಮಾಡುತ್ತೇನೆ. ಮಳೆ ನೆಟ್ಟಗೆ ಬೀಳುತ್ತಿದ್ದರೂ ಓಡುವಾಗ ಕೊಡೆಯನ್ನು ಮುಂದಕ್ಕೆ ಬಗ್ಗಿಸುತ್ತೇವೆ ಅಲ್ವಾ? ಓಡುವವನಿಗೆ ಮಳೆ ಎದುರಿನಿಂದ ಬರುತ್ತದೆ. ಬೆಳಕೂ ಹಾಗೆ. ಜೋರಾಗಿ ಓಡಿದರೆ ಪಕ್ಕದ ಮನೆಯ ಬೆಳಕು ಕೂಡ ಎದುರಿನಿಂದ ಬಂದ ಹಾಗಾಗುತ್ತದೆ. ಎಲ್ಲವೂ ಮುಂದೆ ಒತ್ತಿಕೊಂಡು ಸಣ್ಣದಾಗಿ ಕಾಣುತ್ತದೆ. ಸಣ್ಣದಾದದ್ದು ದೂರ ಹೋದ ಹಾಗೆ ಅನಿಸುತ್ತದೆ. ಶಿರಸಿ ಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಮನೆ ಸೊಟ್ಟಗೆ ಕಾಣುವುದಕ್ಕೆ ಗುಡುಗು. ಮಿಂಚು ಒಂದು ಕ್ಷಣ, ಗುಡುಗು ಮಾತ್ರ ಎಷ್ಟೋ ಹೊತ್ತು ಗುಡುಗುಡು ಎನ್ನುತ್ತದೆ. ಮಿಂಚಿನ ಗೆರೆ ಉದ್ದ. ಹತ್ತಿರದ ತುದಿಯ ಸದ್ದು ಮೊದಲು ಬರುತ್ತದೆ, ದೂರದ ತುದಿಯದ್ದು ಆಮೇಲೆ. ಮನೆಯ ದೂರದ ಮೂಲೆಯಿಂದ ಬರುವ ಬೆಳಕೂ ಹತ್ತಿರದ ಮೂಲೆಯದಕ್ಕಿಂತ ಮೊದಲೇ ಹೊರಟಿರಬೇಕು. ಆಗ ಮಾತ್ರ ಎರಡೂ ಒಟ್ಟಿಗೆ ಕಣ್ಣು ತಲುಪುತ್ತವೆ. ಅಂದರೆ ಒಂದೇ ನೋಟದಲ್ಲಿ ಬೇರೆ ಬೇರೆ ಹೊತ್ತಿನ ಮನೆ ಕಾಣುತ್ತದೆ. ಐನ್‌ಸ್ಟೈನ್ 1905ರಲ್ಲೇ ಸಿದ್ಧಾಂತ ಕೊಟ್ಟಿದ್ದರೂ, ವೇಗವಾಗಿ ಹೋಗುವ ವಸ್ತು ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಟೆರೆಲ್ ಮತ್ತು ಪೆನ್‌ರೋಸ್ ಎಂಬ ವಿಜ್ಞಾನಿಗಳು ಸರಿಯಾಗಿ ಬಿಡಿಸಿಟ್ಟದ್ದು 1959ರಲ್ಲಿ. ದೊಡ್ಡವರಲ್ಲೇ ಹೆಚ್ಚಿನವರು ಅಷ್ಟು ವರ್ಷ ಇದನ್ನು ಗಮನಿಸಿರಲಿಲ್ಲ ಎಂದು ಹೇಳಿದಾಗ ಮಕ್ಕಳ ಮುಖ ಅರಳುತ್ತದೆ.

ಇನ್ನೊಂದು ಮಾತು, ಆಡುವ ಮೊದಲೇ ಊಹೆ ಬರೆಸಿ. ನಾನು ಬೆಳಕಿನ ವೇಗದ 0.6 ಪಟ್ಟು ಕೊಡುತ್ತೇನೆ, ಲೆಕ್ಕ ಚೆಂದ ಬರುತ್ತದೆ. ಗಾಮಾ, ಅಂದರೆ ಉದ್ದ ಎಷ್ಟು ಪಟ್ಟು ಕುಗ್ಗುತ್ತದೆ ಎಂದು ಹೇಳುವ ಸಂಖ್ಯೆ, 1.25. 100 ಮೀಟರ್ ಸೇತುವೆಯನ್ನು ಓಡುವವನು ಅಳೆದರೆ 80 ಮೀಟರ್. ಎದುರಿನಿಂದ ಬರುವ ಬೆಳಕಿನ ತರಂಗದ ಉದ್ದ (ಬಣ್ಣ ಯಾವುದೆಂದು ತೀರ್ಮಾನಿಸುವುದು ಅದೇ) ಸರಿಯಾಗಿ ಅರ್ಧ. 700 ನ್ಯಾನೋಮೀಟರಿನ ಕೆಂಪು 350 ಆಗುತ್ತದೆ, ಅಂದರೆ ಅತಿನೇರಳೆ, ಕಣ್ಣಿಗೆ ಕಾಣದು. ಮೊದಲು ಕಾಣದೇ ಇದ್ದ 1000 ನ್ಯಾನೋಮೀಟರಿನ ಅವಕೆಂಪು 500 ಆಗಿ ಹಸಿರಾಗಿ ಕಾಣುತ್ತದೆ. ಇದನ್ನು ಕೈಯಾರೆ ಲೆಕ್ಕ ಮಾಡಿದವರು ಗೇಮಿನಲ್ಲಿ ಬಣ್ಣ ಮಗುಚಿದಾಗ ಕಿರುಚುತ್ತಾರೆ. ಲೆಕ್ಕ ಮಾಡದವರು ಸುಮ್ಮನೆ ನೋಡುತ್ತಾರೆ. ಆ ವ್ಯತ್ಯಾಸ ನಾನೇ ನೋಡಿದ್ದೇನೆ.

ಕುಮಟಾದಿಂದ:

ನಾನು ಹೈಸ್ಕೂಲಿನವಳು. ಸೂತ್ರ ಮುಟ್ಟಲಿಲ್ಲ, ಬಣ್ಣ ಮಾತ್ರ ತೋರಿಸಿದೆ. ಒಂದು ಎಚ್ಚರಿಕೆ: ಕೆಲವರಿಗೆ ತಲೆ ಸುತ್ತುತ್ತದೆ. ನಮ್ಮಲ್ಲಿ ಇಬ್ಬರು ಹೊರಗೆ ಹೋಗಿ ಕೂತರು. ಆಮೇಲೆ ಪ್ರೊಜೆಕ್ಟರ್ ಹಾಕಿ ಒಬ್ಬರೇ ಆಡುವುದು, ಉಳಿದವರು ‘ನಿಲ್ಲು, ಎಡಕ್ಕೆ ತಿರುಗು, ಈಗ ಓಡು’ ಎಂದು ಹೇಳುವುದು ಎಂದು ಮಾಡಿದೆ. ನಿಂತರೆ ಬಣ್ಣ ವಾಪಸ್, ಓಡಿದರೆ ಬದಲು. ಮಾತು ಜಾಸ್ತಿ ಆಯಿತು, ಕಲಿಕೆಯೂ ಆಯಿತು. ಹಳೆ ಕಂಪ್ಯೂಟರಿನಲ್ಲಿ ಚಿತ್ರ ತಡವರಿಸುತ್ತದೆ, ಹಿಂದಿನ ದಿನವೇ ಹಾಕಿ ನೋಡಿ. ಮಳೆಗಾಲವಾದರೆ ಕರೆಂಟಿನ ಕಥೆ ನಿಮಗೇ ಗೊತ್ತಲ್ಲ.

ಅಂಕೋಲಾದಿಂದ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ‘ನಿಜವಾಗಿ ಆಗುತ್ತದಾ’ ಎಂದು ಆ ಹುಡುಗಿ ಕೇಳಿದ್ದಕ್ಕೆ ಗೇಮ್ ಉತ್ತರ ಆಗುವುದಿಲ್ಲ. ಗೇಮ್ ಕೂಡ ಲೆಕ್ಕದಿಂದಲೇ ಮಾಡಿದ ಲೋಕ. ಅವಳಿಗೆ ಬೇಕಾದದ್ದು ಈ ಲೋಕದ ಸಾಕ್ಷಿ.

ನಾನು ಹೇಳುವುದು ಮ್ಯೂವಾನ್ ಕಥೆ. ಸುಮಾರು 15 ಕಿಲೋಮೀಟರ್ ಮೇಲೆ ಹುಟ್ಟುವ ಕಣ ಅದು. ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್ (ಒಂದು ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಬೆಳಕಿನ ವೇಗದಲ್ಲೇ ಬಂದರೂ ಅಷ್ಟು ಹೊತ್ತಿನಲ್ಲಿ ಸಾಗುವುದು 660 ಮೀಟರ್. ಆದರೂ ಸಮುದ್ರ ಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಬೀಳುತ್ತದೆ. ಅಂಗೈ ಚಾಚಿ ನಿಲ್ಲಿ ಎನ್ನುತ್ತೇನೆ. ಕಾಲ ನಿಧಾನ ಆಗದಿದ್ದರೆ ಇಷ್ಟೊಂದು ಕಣ ನಿಮ್ಮ ಕೈ ತಲುಪುತ್ತಲೇ ಇರಲಿಲ್ಲ.

ನಮ್ಮ ಕ್ಲಾಸಿನಲ್ಲಿ ಅರ್ಧದಷ್ಟು ಮಕ್ಕಳ ಮನೆಯಲ್ಲಿ ಮೀನುಗಾರಿಕೆ. ಬೋಟಿನಲ್ಲಿ ಜಿಪಿಎಸ್ ಇರುತ್ತದೆ. ಆ ಉಪಗ್ರಹದ ಗಡಿಯಾರ ವೇಗದ ಕಾರಣಕ್ಕೆ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ, ಮೇಲೆ ಗುರುತ್ವ ಕಡಿಮೆ ಇರುವುದರಿಂದ 45 ಮುಂದೆ ಹೋಗುತ್ತದೆ. ಒಟ್ಟು 38 ಮುಂದೆ. ಬೆಳಕು ಅಷ್ಟು ಹೊತ್ತಿನಲ್ಲಿ 11 ಕಿಲೋಮೀಟರ್ ದಾಟುತ್ತದೆ. ಸಂಕೇತ ಬರಲು ಹಿಡಿದ ಹೊತ್ತಿನಿಂದಲೇ ದೂರ ಲೆಕ್ಕ ಹಾಕುವುದರಿಂದ, ಇದನ್ನು ಸರಿಪಡಿಸಿಯೇ ಜಿಪಿಎಸ್ ನಡೆಯುತ್ತಿರುವುದು. ‘ಅಪ್ಪನಿಗೆ ಇವತ್ತೇ ಹೇಳುತ್ತೇನೆ’ ಎಂದು ಓಡಿದ ಹುಡುಗ ಇದ್ದಾನೆ.

ಕಾರವಾರದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಮೊದಲು ಅಂಗೈ, ಆಮೇಲೆ ಊಹೆಯ ಹಾಳೆ, ಕೊನೆಗೆ ಗೇಮ್. ಒಂದು ಕಂಪ್ಯೂಟರಿಗೆ ನಾಲ್ಕು ಜನ, ಒಬ್ಬರು ಓಡಿಸುವುದು, ಮೂವರು ಬರೆಯುವುದು. ಶಿರಸಿಯವರೇ, ಒಂದು ಪೀರಿಯಡ್ ಸಾಕಾ?

ಶಿರಸಿಯಿಂದ:

ಸಾಲದು. ಎರಡು ಒಟ್ಟಿಗೆ ತೆಗೆದುಕೊಳ್ಳಿ. ಗೇಮಿಗೆ 20 ನಿಮಿಷ ಸಾಕು, ಉಳಿದದ್ದೆಲ್ಲ ಅವರ ಪ್ರಶ್ನೆಗೆ ಬೇಕು. ಕೊಡೆ ಒಂದು ತೆಗೆದುಕೊಂಡು ಹೋಗಿ.