ಅನುಭವ ಹೇಳಿ: ಸ್ಲೈಡಿನಲ್ಲಿ ಅಕ್ಷರದ ಮೇಲೆ ಲಘು-ಗುರು ಗುರುತು ಕೂರಿಸುವುದು ಹೇಗೆ?

ಉಪನ್ಯಾಸಕಿ, ಉಡುಪಿ:
ಪಿಯುಸಿ ಮಕ್ಕಳಿಗೆ ಭಾಮಿನಿ ಷಟ್ಪದಿಯ ಪ್ರಸ್ತಾರ ತೋರಿಸಲು ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಮಾಡುತ್ತಿದ್ದೇನೆ. ಅಕ್ಷರದ ತಲೆ ಮೇಲೆ ಗುರುತು ಹಾಕುವ ದಾರಿಯೇ ಕಾಣುತ್ತಿಲ್ಲ. ಮೇಲಿನ ಸಾಲಿನಲ್ಲಿ ಸ್ಪೇಸ್ ಕೊಟ್ಟು ಹೊಂದಿಸಿದರೆ ಕಾಲೇಜಿನ ಕಂಪ್ಯೂಟರ್‌ನಲ್ಲಿ ಎಲ್ಲ ಆಚೀಚೆ ಆಗುತ್ತದೆ. ಮಾಡಿ ನೋಡಿದವರು ಹೇಳಿ.

ಕನ್ನಡ ಮಾಷ್ಟ್ರು, ಮಂಗಳೂರು:
ಟೇಬಲ್ ಹಾಕಿ ಮೇಡಂ. ನಾನು ಛಂದಸ್ಸಿನ ಇಡೀ ಪಾಠ ಹೀಗೆಯೇ ಮಾಡಿದ್ದೇನೆ. ಮೇಲಿನ ಸಾಲಿನಲ್ಲಿ ಗುರುತು, ಕೆಳಗೆ ಅಕ್ಷರ, ಒಂದು ಚೌಕಕ್ಕೆ ಒಂದೇ ಅಕ್ಷರ. ಒತ್ತಕ್ಷರವನ್ನು ಒಡೆಯಬಾರದು. ನನಗೆ ಜೀವ ಹಿಂಡಿದ್ದು ಮೂರನೆಯ ಮತ್ತು ಆರನೆಯ ಸಾಲು. ಉಳಿದವಕ್ಕೆ 14 ಮಾತ್ರೆ, ಇವಕ್ಕೆ 23. ಚೌಕ ಜಾಸ್ತಿಯಾಗಿ ಇಕ್ಕಟ್ಟಾಯಿತು. ಆಮೇಲೆ ನೋಡಿದರೆ ಪ್ರತಿ ಚೌಕದ ಎಡಬಲದಲ್ಲಿ 0.1 ಇಂಚು ಖಾಲಿ ಜಾಗ ಅದಾಗಿಯೇ ಇರುತ್ತದೆ. ಅದನ್ನು ಸೊನ್ನೆ ಮಾಡಿದೆ, ಹಿಡಿಸಿತು. ಗೆರೆಗಳನ್ನೆಲ್ಲ ಅಳಿಸಿ, ಗಣ ಮುಗಿಯುವಲ್ಲಿ ಮಾತ್ರ ಉದ್ದ ಗೆರೆ ಉಳಿಸಿಕೊಂಡೆ. ಎಷ್ಟು ಚಂದ ಕಾಣುತ್ತದೆ ಗೊತ್ತುಂಟಾ!

ಡಿಟಿಪಿ, ಹಂಪನಕಟ್ಟೆ:
ಇಷ್ಟೆಲ್ಲ ಯಾಕೆ ಮಾರಾಯ್ರೆ? ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಚಿತ್ರ-ವಿನ್ಯಾಸದ ಕೋರೆಲ್‌ಡ್ರಾನಲ್ಲಿ ಗುರುತು ಕೂರಿಸಿ, ಚಿತ್ರ ಮಾಡಿ ಸ್ಲೈಡಿಗೆ ಹಾಕುವುದು. ಯಾವ ಕಂಪ್ಯೂಟರ್‌ಗೆ ಹಾಕಿದರೂ ಒಂದು ಕೂದಲೆಳೆ ಅಲುಗುವುದಿಲ್ಲ. ಆಮಂತ್ರಣ, ಸ್ಮರಣ ಸಂಚಿಕೆ ಎಲ್ಲ ಹೀಗೆ ಮಾಡಿಯೇ ನನ್ನ ಮನೆ ನಡೆದಿದೆ.

ಭೌತಶಾಸ್ತ್ರ, ಮಣಿಪಾಲ:
ಚಿತ್ರದ ಮಾತು ಎತ್ತಬೇಡಿ. ನನ್ನ ಪಾಠದ 42 ಸ್ಲೈಡುಗಳನ್ನು ಒಂದು ಅಂಗಡಿಯಲ್ಲಿ ಹೀಗೆಯೇ ಮಾಡಿಸಿದೆ. ಸ್ಲೈಡಿಗೆ 60ರಂತೆ 2,520 ರೂಪಾಯಿ. ಹತ್ತರ ಘಾತ ಮೈನಸ್ 19ರಲ್ಲಿ ಮೈನಸ್ಸೇ ಬಿಟ್ಟಿದ್ದರು. ತಿದ್ದಲು ಮತ್ತೆ 30. ಅದನ್ನು ತಿದ್ದುವಾಗ ಪಕ್ಕದ ಸ್ಲೈಡಿನ ಗ್ರೀಕ್ ಅಕ್ಷರ ಮ್ಯೂ ಹೋಯಿತು, ಅದಕ್ಕೂ 30. ನಾನೇ ತಿದ್ದೋಣ ಅಂದರೆ ಚಿತ್ರದೊಳಗೆ ಅಕ್ಷರವೇ ಇಲ್ಲ. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಇದ್ದ. ಅವನ ಕಂಪ್ಯೂಟರ್ ಆ ಸ್ಲೈಡುಗಳಲ್ಲಿ ಒಂದು ಪದವನ್ನೂ ಓದಿ ಹೇಳಲಿಲ್ಲ. ಈಗ ಗೂಗಲ್ ಸ್ಲೈಡ್ಸ್‌ನಲ್ಲಿ ನಾನೇ ಮಾಡುತ್ತೇನೆ. ಘಾತಕ್ಕೆ ಕಂಟ್ರೋಲ್ ಮತ್ತು ಚುಕ್ಕಿ, ಕೆಳಗಿನ ಅಂಕಿಗೆ ಕಂಟ್ರೋಲ್ ಮತ್ತು ಅಲ್ಪವಿರಾಮ. ಒಂದು ಪೈಸೆ ಖರ್ಚಿಲ್ಲ.

ಡಿಟಿಪಿ, ಹಂಪನಕಟ್ಟೆ:
ಒಬ್ಬರ ಕೆಲಸ ಹಾಳಾದರೆ ಎಲ್ಲ ಅಂಗಡಿಗೂ ಬೈಯುವುದಾ? ಎಲ್ಲ ಕಂಪ್ಯೂಟರ್‌ಗೂ ಒಂದೇ ಅಕ್ಷರ ಸಂಕೇತ ಎನ್ನುವ ನಿಮ್ಮ ಯೂನಿಕೋಡ್‌ನಲ್ಲಿ ‘ರ‍್ಯಾಂಕ್’ ಬರೆಯಲು ನಡುವೆ ಕಣ್ಣಿಗೆ ಕಾಣದ ಜೋಡಕ ಹಾಕಬೇಕು. ಇಲ್ಲದಿದ್ದರೆ ಅರ್ಕಾವತ್ತು ಆಗಿ ‘ರ್ಯಾಂಕ್’ ಎಂದು ಕೂರುತ್ತದೆ. ಅದು ಸರಿಯಾ?

ಕನ್ನಡ ಮಾಷ್ಟ್ರು, ಮಂಗಳೂರು:
ನಿಮ್ಮ ನುಡಿಯ ಹಳೆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಇಡೀ ಪದ್ಯ ಇಂಗ್ಲಿಷ್ ಅಕ್ಷರಗಳ ರಾಶಿ ಆಗುತ್ತದಲ್ಲ, ಅದು ಸರಿಯಾ? ಸಭೆ ತುಂಬ ಜನ ಇರುವಾಗ ನನಗೆ ಹಾಗೆ ಆಗಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ತುಳು ಬರೆಯುವವ, ಕಾಪು:
ನಿಮಗೆಲ್ಲ ಫಾಂಟ್ ಆದರೂ ಉಂಟು. ತುಳು-ತಿಗಳಾರಿ ಲಿಪಿ ಯೂನಿಕೋಡ್‌ಗೆ ಸೇರಿದ್ದೇ 2024ರ ಸೆಪ್ಟೆಂಬರ್‌ನಲ್ಲಿ, 16ನೇ ಆವೃತ್ತಿಯಲ್ಲಿ. ಕಾರ್ಯಕ್ರಮದ ಸ್ಲೈಡಿಗೆ ಆ ಲಿಪಿ ಹಾಕಿದೆ, ಪರದೆ ತುಂಬ ಖಾಲಿ ಚೌಕಗಳು. ಕೊನೆಗೆ ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿ ಹಾಕಿದೆ. ಚಿತ್ರ ಬೇಡ ಅನ್ನುವವರು ನನ್ನ ಪಾಡು ನೋಡಲಿ.

ಭೌತಶಾಸ್ತ್ರ, ಮಣಿಪಾಲ:
ಫೈಲಿನ ಜೊತೆಗೇ ಫಾಂಟ್ ಸೇರಿಸಿ ಸೇವ್ ಮಾಡಬಹುದಿತ್ತಲ್ಲ? ಪವರ್‌ಪಾಯಿಂಟ್‌ನ ಆಪ್ಷನ್ಸ್‌ನಲ್ಲಿ, ಸೇವ್ ಅನ್ನುವಲ್ಲಿ ಉಂಟು.

ತುಳು ಬರೆಯುವವ, ಕಾಪು:
ಕೈಯಲ್ಲಿ ಫಾಂಟೇ ಇಲ್ಲದಾಗ ಸೇರಿಸುವುದು ಎಂತದನ್ನು ಸರ್? ಓದಿ ಉತ್ತರ ಕೊಡಿ.

ಉಪನ್ಯಾಸಕಿ, ಉಡುಪಿ:
ಟೇಬಲ್ ಮಾಡಿದೆ, ಅಕ್ಷರ ಸರಿಯಾಗಿ ಕೂತಿತು. ಆದರೆ ಎಲ್ಲಿಂದಲೋ ತಂದು ಅಂಟಿಸಿದ ಲಘುವಿನ ಗುರುತು ಕಾಲೇಜಿನಲ್ಲಿ ಚೌಕವಾಗಿ ಬರುತ್ತಿದೆ.

ಕನ್ನಡ ಮಾಷ್ಟ್ರು, ಮಂಗಳೂರು:
ಇಂಗ್ಲಿಷಿನ ದೊಡ್ಡ ಯು ಅಕ್ಷರ ಹಾಕಿ ಮೇಡಂ. ಗುರುವಿಗೆ ಅಡ್ಡಗೆರೆ. ನನ್ನ ಯಾವ ಸ್ಲೈಡಿನಲ್ಲೂ ಅದು ಕೈಕೊಟ್ಟಿಲ್ಲ.

ಡಿಟಿಪಿ, ಹಂಪನಕಟ್ಟೆ:
ಚಿತ್ರದಲ್ಲಿ ಆಗಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.