ವಾರ್ಮ್ ಸ್ಪ್ರಿಂಗ್ಸ್ ಆಸ್ಪತ್ರೆ: ಗುಣ ನೀರಿನದೋ, ಚಿಕಿತ್ಸೆಯದೋ?

ಪ್ರಶ್ನೆ

ಅಮೆರಿಕದ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರು ಒಂದು ಕಾಲಕ್ಕೆ ಉಳ್ಳವರು ಬೇಸಿಗೆ ಕಳೆಯಲು ಬರುತ್ತಿದ್ದ ಸ್ನಾನದ ತಾಣವಾಗಿತ್ತೆಂದೂ, ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಪ್ರಯತ್ನದಿಂದ ಅದು ಪೋಲಿಯೊ ಪೀಡಿತರ ಆಸ್ಪತ್ರೆಯಾಯಿತೆಂದೂ ಓದಿದ್ದೇನೆ. ಅಲ್ಲಿನ ಬುಗ್ಗೆಯ ನೀರಿಗೆ ನಿಜವಾಗಿಯೂ ರೋಗ ವಾಸಿ ಮಾಡುವ ಗುಣವಿತ್ತೇ? ಪೋಲಿಯೊ ಲಸಿಕೆ ಬಂದ ಮೇಲೆ ಆ ಆಸ್ಪತ್ರೆ ಏನಾಯಿತು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಪೋಲಿಯೊವನ್ನು ವಾಸಿ ಮಾಡುವ ಗುಣ ಆ ನೀರಿಗೆ ಇರಲಿಲ್ಲ. ಪೈನ್ ಮೌಂಟನ್ ಬೆಟ್ಟದ ಮೇಲೆ ಬಿದ್ದ ಮಳೆನೀರು ನೆಲದಾಳಕ್ಕೆ ಇಳಿದು, ಅಲ್ಲಿ ಬೆಚ್ಚಗಾಗಿ ಮೇಲೆ ಬರುತ್ತದೆ. ಅದರ ಉಷ್ಣತೆ ಸುಮಾರು 31 ಡಿಗ್ರಿ ಸೆಲ್ಸಿಯಸ್, ಅಂದರೆ ನಾವು ಮೈಗೆ ಹುಯ್ದುಕೊಳ್ಳುವ ಬಿಸಿನೀರಿಗಿಂತ ಕಡಿಮೆಯೇ. ಅದರ ಪ್ರಯೋಜನವೂ ಅದರಲ್ಲೇ ಇತ್ತು. ಚಳಿಯಾಗದೆ, ಆಯಾಸವಾಗದೆ ಬಹಳ ಹೊತ್ತು ಅದರೊಳಗೆ ಇರಬಹುದಾಗಿತ್ತು, ಮತ್ತು ನೀರು ದೇಹದ ಭಾರವನ್ನು ಹೊರುವುದರಿಂದ ನೆಲದ ಮೇಲೆ ಅಲುಗದ ಕಾಲು ಅಲ್ಲಿ ತುಸುವಾದರೂ ಚಲಿಸುತ್ತಿತ್ತು.

1921ರಲ್ಲಿ ಪೋಲಿಯೊ ಎಂದು ಗುರುತಿಸಲಾದ ಕಾಯಿಲೆಯಿಂದ ಕಾಲುಗಳ ಶಕ್ತಿ ಕಳೆದುಕೊಂಡಿದ್ದ ರೂಸ್‌ವೆಲ್ಟ್ ಅಲ್ಲಿಗೆ ಮೊದಲು ಹೋದದ್ದು 1924ರ ಅಕ್ಟೋಬರಿನಲ್ಲಿ. ಅವರ ಈಜಿನ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಯಾರೂ ಕರೆಯದಿದ್ದರೂ ರೋಗಿಗಳು ಬರತೊಡಗಿದರು. ಹೋಟೆಲಿನಲ್ಲಿ ತಂಗಿದ್ದ ಇತರರು ಸೋಂಕಿಗೆ ಹೆದರಿ ಆಕ್ಷೇಪಿಸಿದರು. 1926ರಲ್ಲಿ ರೂಸ್‌ವೆಲ್ಟ್ ಸುಮಾರು 2 ಲಕ್ಷ ಡಾಲರ್‌ಗೆ ಆ ಆಸ್ತಿಯನ್ನೇ ಕೊಂಡು, ಮರುವರ್ಷ ಅದನ್ನು ನಡೆಸಲು ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಮೂಳೆತಜ್ಞ ಲೆರಾಯ್ ಹಬರ್ಡ್ ಮತ್ತು ಫಿಸಿಯೋಥೆರಪಿಸ್ಟ್ ಹೆಲೆನಾ ಮಹೋನಿ ಬಂದ ಮೇಲೆ ಚಿಕಿತ್ಸೆಗೆ ಒಂದು ಕ್ರಮ ಬಂತು. ನೀರಿನಲ್ಲಿ ಮುಳುಗಿಸಿಟ್ಟ ಮೇಜಿನ ಮೇಲೆ ರೋಗಿ ಮಲಗುತ್ತಿದ್ದ. ಪಕ್ಕದಲ್ಲಿ ನಿಂತ ಚಿಕಿತ್ಸಕಿ ಯಾವ ಸ್ನಾಯುವಿನಲ್ಲಿ ಎಷ್ಟು ಬಲ ಉಳಿದಿದೆಯೆಂದು ನೋಡಿ, ಅದಕ್ಕೆ ತಕ್ಕ ವ್ಯಾಯಾಮ ಮಾಡಿಸುತ್ತಿದ್ದಳು. ನನ್ನ ಮಟ್ಟಿಗೆ ಸ್ನಾನದ ತಾಣ ಆಸ್ಪತ್ರೆಯಾದದ್ದು ಈ ಮೇಜಿನ ಬಳಿಯೇ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ. ಆದರೆ ಒಂದು ಸಂಗತಿಯನ್ನು ಬಿಟ್ಟು ಈ ಚರಿತ್ರೆಯನ್ನು ಹೇಳಬಾರದು. ಆ ಆಸ್ಪತ್ರೆಯಲ್ಲಿ ಅಡುಗೆ, ಶುಚಿತ್ವ ಮತ್ತು ರೋಗಿಗಳನ್ನು ಎತ್ತಿ ಸಾಗಿಸುವ ಕೆಲಸಗಳಿಗೆ ಕಪ್ಪು ಜನರಿದ್ದರು, ಆದರೆ ಕಪ್ಪು ರೋಗಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ವರ್ಣಭೇದದ ಕಟ್ಟಳೆಗಳು ರೋಗಕ್ಕೂ ಅನ್ವಯಿಸಿದವು. ಈ ಬಗ್ಗೆ ಟೀಕೆ ಹೆಚ್ಚಿದ ಮೇಲೆ, 1941ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಅವರಿಗಾಗಿ ಪ್ರತ್ಯೇಕ ಪೋಲಿಯೊ ಕೇಂದ್ರ ತೆರೆಯಿತು. ಅಲ್ಲಿನ ವೈದ್ಯರ ಕೆಲಸ ಗೌರವಕ್ಕೆ ಅರ್ಹವಾದದ್ದು. ಅಂಥ ಪ್ರತ್ಯೇಕ ಕೇಂದ್ರ ಬೇಕಾಗಿ ಬಂದದ್ದು ಮಾತ್ರ ಅನ್ಯಾಯ.

ಉತ್ತರ 3

ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ರೂಸ್‌ವೆಲ್ಟ್ ಅದೇ ಊರಿನ ತಮ್ಮ ಮನೆಯಲ್ಲಿ 1945ರ ಏಪ್ರಿಲ್ 12ರಂದು ತೀರಿಕೊಂಡರು. ಸರಿಯಾಗಿ ಹತ್ತು ವರ್ಷಗಳ ನಂತರ, ಅದೇ ದಿನ, ಜೋನಾಸ್ ಸಾಲ್ಕ್ ರೂಪಿಸಿದ ಪೋಲಿಯೊ ಲಸಿಕೆ ಪರಿಣಾಮಕಾರಿಯೆಂದು ಘೋಷಿಸಲಾಯಿತು. ಹೊಸ ಪೋಲಿಯೊ ರೋಗಿಗಳು ಕ್ರಮೇಣ ಇಲ್ಲವಾದರು. ಆದರೆ ಸ್ನಾಯುಬಲವನ್ನು ಅಳೆಯುವುದು, ಕ್ಯಾಲಿಪರ್ (ದುರ್ಬಲ ಕಾಲಿಗೆ ಆಧಾರ ಕೊಡುವ ಪಟ್ಟಿ) ಹೊಂದಿಸುವುದು, ಊರುಗೋಲಿನಲ್ಲಿ ಮೆಟ್ಟಿಲು ಹತ್ತುವುದನ್ನು ಕಲಿಸುವುದು ಮುಂತಾದ ಕೌಶಲಗಳು ಬೆನ್ನುಹುರಿಗೆ ಪೆಟ್ಟಾದವರಿಗೂ ಪಾರ್ಶ್ವವಾಯು ಪೀಡಿತರಿಗೂ ಅಷ್ಟೇ ಅಗತ್ಯವಾಗಿದ್ದವು. ಬರೀ ಬುಗ್ಗೆಯನ್ನೇ ನಂಬಿದ್ದರೆ ಆ ಸಂಸ್ಥೆ ಆಗಲೇ ಮುಚ್ಚುತ್ತಿತ್ತೆಂದು ನನಗನಿಸುತ್ತದೆ. 1974ರಲ್ಲಿ ಜಾರ್ಜಿಯಾ ಸರ್ಕಾರ ಅದನ್ನು ವಹಿಸಿಕೊಂಡು ಸಾಮಾನ್ಯ ಪುನಶ್ಚೇತನ ಕೇಂದ್ರವಾಗಿ ಮುಂದುವರಿಸಿತು. ಹಳೆಯ ಕೊಳಗಳನ್ನು ಈಗ ಸ್ಮಾರಕವಾಗಿ ಕಾಪಾಡಲಾಗಿದೆ.